"ಮಾರ್ತೀರಾ?" ಅಂತ ಕೇಳಿದರು. ಇಲ್ಲ ಅಂದೆ. ನೀವು ಮಾರಿದ ಕಾರು ನೆನಪಿದೆಯಾ?

ಸವೆದ ಗೇರ್ ನಾಬ್

ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಾಕಿಸುತ್ತಿದ್ದೆ. ವಯಸ್ಸಾದ ಒಬ್ಬರು ಬಂದರು. ಮಾತಿಲ್ಲ ಕತೆಯಿಲ್ಲ, ನನ್ನ ಕಾರಿಗೆ ಒಂದು ಸುತ್ತು ಹಾಕಿದರು. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಸಂದಿಯ ಉದ್ದಕ್ಕೂ ಬೆರಳು ಆಡಿಸಿದರು. ಸಂದಿ ಎರಡೂ ಕಡೆ ಒಂದೇ ಸಮ ಇದ್ದರೆ ಗಾಡಿ ಎಲ್ಲೂ ಜೋರಾಗಿ ಗುದ್ದಿಸಿಕೊಂಡಿಲ್ಲ ಅಂತ ಲೆಕ್ಕ. ಗೊತ್ತಿದ್ದವರೇ ಹಾಗೆ ನೋಡೋದು. ಆಮೇಲೆ ಕೇಳಿದರು, "ಮಾರ್ತೀರಾ?"

"ಇಲ್ಲ" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಮನೆಗೆ ಬಂದು ಹೇಳಿದರೆ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಎಷ್ಟಕ್ಕೆ ಕೇಳಿದರು?" ನಾನು ಅದನ್ನೇ ಕೇಳಿರಲಿಲ್ಲ.

1998ರ ಟೊಯೋಟ ಕೊರೊಲ್ಲ. 1.6 ಲೀಟರ್ ಎಂಜಿನ್, ಐದು ಗೇರು. ಓಡಿರೋದು 2,86,000 ಕಿಲೋಮೀಟರ್ ಚಿಲ್ಲರೆ. ಅಪ್ಪ ಹೊಸದಾಗಿ ತಂದಿದ್ದು, ಆಮೇಲೆ ನನಗೆ ಬಂತು. ಗೇರ್ ನಾಬಿನ ಮೇಲಿದ್ದ 1, 2, 3 ಅಂಕಿಗಳು ಅಳಿಸಿಹೋಗಿ ಯಾವ ಕಾಲವಾಯಿತೋ. ಅರ್ಧ ಅಪ್ಪನ ಕೈ ಸವೆಸಿದ್ದು, ಇನ್ನರ್ಧ ನನ್ನದು. ಟೇಪ್ ರೆಕಾರ್ಡರಿನ ಒಳಗೆ ಒಂದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿದೆ, 2006ರಿಂದ. ಅದು ಯಾವ ಕ್ಯಾಸೆಟ್ ಅನ್ನೋದರ ಬಗ್ಗೆ ಮನೆಯಲ್ಲಿ ಇಂದಿಗೂ ಜಗಳ ಇದೆ.

ಹಾಗಂತ ಇದೇನು ಅಪರೂಪದ ಗಾಡಿ ಅಲ್ಲ. 1966ರಿಂದ ಇಲ್ಲಿಯವರೆಗೆ ಕೊರೊಲ್ಲ ಅನ್ನೋ ಹೆಸರಿನಲ್ಲಿ 5 ಕೋಟಿಗೂ ಜಾಸ್ತಿ ಕಾರು ಮಾರಾಟ ಆಗಿದೆ. ಐದು ಕೋಟಿಯಲ್ಲಿ ಒಂದು. ಆದರೂ ಕಣ್ಣು ಮುಚ್ಚಿ ಬಾಗಿಲು ಹಾಕಿದರೆ ಆ "ಧಪ್" ನನ್ನದೇ ಅಂತ ಹೇಳಬಲ್ಲೆ.

ನಿಮ್ಮ ಹಳೇ ಕಾರಿನ ಬಗ್ಗೆ ಇಲ್ಲೇ ಕೆಳಗೆ ಬರೆದು ಹೇಳಿ, ನನ್ನ ಹಾಗೆ ಅಡ್ಡಹೆಸರಿನಲ್ಲಾದರೂ ಸರಿ. ಇಟ್ಟುಕೊಂಡವರೂ ಹೇಳಿ, ಮಾರಿದವರೂ ಹೇಳಿ. ಮಾರಿದವರ ಕತೆ ಕೇಳೋಕೆ ನನಗೆ ಸ್ವಲ್ಪ ಆಸೆ ಜಾಸ್ತಿ, ಯಾಕೆ ಅಂತ ಕೇಳಬೇಡಿ.

ಮುಂದಿನ ಸೀಟಿನ ಮೂರನೆಯವನು

ನಮ್ಮನೆಯಲ್ಲಿ ಇದ್ದದ್ದು ಫಿಯೆಟ್ 1100. ಎಂಜಿನ್ 1,089 ಸಿಸಿ. ಗೇರು ನೆಲದಲ್ಲಿ ಇರಲಿಲ್ಲ, ಸ್ಟೇರಿಂಗ್ ಪಕ್ಕದಲ್ಲೇ ಒಂದು ಉದ್ದ ಕಡ್ಡಿ. ಅದಕ್ಕೇ ಮುಂದೆ ಮೂರು ಜನ ಕೂರಬಹುದಿತ್ತು. ನಡುವಿನ ಜಾಗ ನನ್ನದು. ಅಪ್ಪ ಗೇರು ಹಾಕುವಾಗಲೆಲ್ಲ ಅವರ ಮೊಣಕೈ ನನ್ನ ತಲೆಗೆ ತಾಗುತ್ತಿತ್ತು. ಎರಡನೇ ಗೇರಿಗೆ ತಾಗಲ್ಲ, ಮೂರನೆಯದಕ್ಕೆ ತಾಗುತ್ತೆ. ನಾನು ಗೇರು ಲೆಕ್ಕ ಕಲಿತಿದ್ದೇ ತಲೆಯಿಂದ.

ಕೊನೆಗೆ ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಕಾರು ಹೋಗಿ ಎಷ್ಟೋ ವರ್ಷ ಆಯಿತು. ಈಗ ಓಡಿಸೋದು ಆಟೋಮ್ಯಾಟಿಕ್. ಇವತ್ತಿಗೂ ಸಿಗ್ನಲ್ಲಿನಲ್ಲಿ ಏನೋ ಯೋಚನೆಯಲ್ಲಿ ಇದ್ದರೆ ಕೈ ಸ್ಟೇರಿಂಗ್ ಪಕ್ಕಕ್ಕೆ ಹೋಗಿ ಒಂದನೇ ಗೇರು ಹುಡುಕುತ್ತೆ. ವೈಪರ್ ಆನ್ ಆಗುತ್ತೆ. ಬಿಸಿಲಲ್ಲಿ ವೈಪರ್ ಆಡಿಸೋ ಹುಚ್ಚ ಯಾರು ಅಂತ ಪಕ್ಕದ ಗಾಡಿಯವರು ನೋಡ್ತಾರೆ.

ಗ್ರೀಸ್ ಕೈ

ಮೂವತ್ತು ವರ್ಷದಿಂದ ಕಾರು ಮೆಕ್ಯಾನಿಕ್ ಕೆಲಸ ನಂದು. ಹಳೇ ಕಾರು ಅಂದ ತಕ್ಷಣ ಎಲ್ಲರೂ ಎಂಜಿನ್ ಬಗ್ಗೆ ಕೇಳ್ತಾರೆ. ಕಬ್ಬಿಣ ಅಷ್ಟು ಬೇಗ ಕೈ ಕೊಡಲ್ಲ ಸ್ವಾಮಿ. ಮೊದಲು ಹೋಗೋದು ರಬ್ಬರು. ರೇಡಿಯೇಟರ್ ಹೋಸ್, ಬ್ರೇಕ್ ಹೋಸ್, ಎಂಜಿನ್ ಮೌಂಟಿಂಗ್, ಸಸ್ಪೆನ್ಷನ್ ಬುಷ್, ಬಾಗಿಲ ಬೀಡಿಂಗ್. ಓಡಿಸಿದರೂ ಹೋಗುತ್ತೆ, ನಿಲ್ಲಿಸಿದರೂ ಹೋಗುತ್ತೆ. ನಿಲ್ಲಿಸಿದರೆ ಇನ್ನೂ ಬೇಗ.

ಕೊರೊಲ್ಲ ಸರ್, ನಿಮಗೆ ನಾಲ್ಕು ಮಾತು ಹೇಳ್ತೀನಿ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಅದು ಗಾಳಿಯಲ್ಲಿರೋ ನೀರಿನ ಪಸೆ ಎಳೆದುಕೊಳ್ಳುತ್ತೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿಗಿಂತ ಮೊದಲು ಕುದಿಯಬಾರದು. ನೀರು ಸೇರಿದ ಮೇಲೆ 155ಕ್ಕೆ ಇಳಿದರೂ ಲೆಕ್ಕಕ್ಕೆ ಸರಿ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದ್ದು ಗುಳ್ಳೆ ಬರುತ್ತೆ. ಪೆಡಲ್ ಸೀದಾ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಗಾಡಿ ಓಡಿದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ.

ಎರಡನೇದು, ನಾಲ್ಕೂ ಬಾಗಿಲ ಕೆಳ ಅಂಚಿಗೆ ಬಗ್ಗಿ ನೋಡಿ. ಸಣ್ಣ ತೂತುಗಳಿರುತ್ತವೆ. ಗಾಜಿನಿಂದ ಇಳಿದ ಮಳೆನೀರು ಹೊರಗೆ ಹೋಗೋ ದಾರಿ ಅದು. ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲೊಳಗೇ ನಿಲ್ಲುತ್ತೆ, ಒಳಗಿಂದಲೇ ತುಕ್ಕು ತಿನ್ನುತ್ತೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಜಾಳಿಗೆ ಆಗಿರುತ್ತೆ. ಮುಂದಿನ ಗಾಜಿನ ಕೆಳಗೆ ಎಲೆ ಸೇರುವ ಜಾಗವೂ ಹಾಗೇ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಟೈರಿನ ಮೇಲಿನ ಗೀರು ಎಷ್ಟು ಆಳ ಉಳಿದಿದೆ ಅಂತ ಮಾತ್ರ ನೋಡಬೇಡಿ, ವಯಸ್ಸೂ ನೋಡಿ. ಕೊನೇದು ಕೂಲೆಂಟ್. ಬರೀ ನೀರು ಹಾಕೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕ್ಯಾಸೆಟ್ಟನ್ನ ಮಾತ್ರ ತೆಗೆಸಬೇಡಿ. ಇರಲಿ ಅದು.

ಅಮ್ಮನ ಪುಸ್ತಕ

ಮಾರಿದವರ ಕತೆ ಕೇಳಿದ್ರಲ್ಲ, ಇದು ಅದೇ.

ನಮ್ಮಮ್ಮ ಕಾರು ಓಡಿಸೋಕೆ ಕಲಿತದ್ದು 42ನೇ ವಯಸ್ಸಿನಲ್ಲಿ. ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, ನಾಲ್ಕು ಗೇರು. ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಅವರು ಪಕ್ಕದ ಸೀಟಿನಲ್ಲಿ ಕೂತು ಕಾಲಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿದ್ದರು ಅಷ್ಟೇ.

ಅಮ್ಮ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಸಣ್ಣ ನೋಟ್ ಪುಸ್ತಕ ಇಟ್ಟಿದ್ದರು. ರಬ್ಬರ್ ಬ್ಯಾಂಡಿನಲ್ಲಿ ಪೆನ್ಸಿಲ್ ಸಿಕ್ಕಿಸಿರೋರು. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರು, ಮೀಟರಿನ ಅಂಕಿ. ಮೊದಲು ಅಷ್ಟೇ ಇತ್ತು. ಆಮೇಲೆ ಪಕ್ಕದಲ್ಲಿ ಒಂದೊಂದು ಮಾತು ಬರೋಕೆ ಶುರುವಾಯಿತು. "ಮೊದಲ ಸಲ ಒಬ್ಬಳೇ." "ರಿವರ್ಸ್ ಸರಿಯಾಗಿ ಬಂತು." "ಲಾರಿಯವನು ಬೈದ. ನಾನೂ ಬೈದೆ." "ಮಗಳಿಗೆ ಜ್ವರ, ರಾತ್ರಿ 2 ಗಂಟೆ." ಆ ಮಗಳು ನಾನೇ. ನನಗೆ ಆ ರಾತ್ರಿ ನೆನಪಿಲ್ಲ. ಹಿಂದಿನ ಸೀಟಿನ ರೆಕ್ಸಿನ್ ಕೆನ್ನೆಗೆ ತಣ್ಣಗೆ ಹತ್ತಿದ್ದು ಮಾತ್ರ ನೆನಪಿದೆ.

ಹದಿನೇಳು ವರ್ಷ. ಪುಸ್ತಕ ನಾಲ್ಕಾದವು. ಅಮ್ಮನಿಗೆ ಮಂಡಿ ನೋವು ಜಾಸ್ತಿ ಆಗಿ ಕ್ಲಚ್ ಒತ್ತೋಕೆ ಆಗಲಿಲ್ಲ. ನಾನೇ ಹೇಳಿದೆ, ಮಾರಿಬಿಡೋಣ ಅಂತ. ತೆಗೆದುಕೊಂಡು ಹೋದ ಹುಡುಗ ಒಳ್ಳೆಯವನು, ಮೊದಲ ಕಾರು ಅವನಿಗೆ. ಅಮ್ಮ ಗೇಟಿನ ತನಕವೂ ಬರಲಿಲ್ಲ. ಕೊನೇ ಪುಸ್ತಕದ ಕೊನೇ ಸಾಲು ಮೊನ್ನೆ ಮೊನ್ನೆ ನೋಡಿದೆ: "ಕೊಟ್ಟೆ. ಟ್ಯಾಂಕಿನಲ್ಲಿ 8 ಲೀಟರ್ ಇತ್ತು."

ಸವೆದ ಗೇರ್ ನಾಬ್

ಅಮ್ಮನ ಪುಸ್ತಕದವರೇ, ಆ ಎಂಟು ಲೀಟರ್ ಓದಿ ಸುಮ್ನೆ ಕೂತೆ ಸ್ವಲ್ಪ ಹೊತ್ತು.

ಗ್ರೀಸ್ ಕೈ ಅಣ್ಣ, ಬ್ರೇಕ್ ಆಯಿಲ್ ಬದಲಾಯಿಸಿ ನಾಲ್ಕು ವರ್ಷ ಆಗಿದೆ. ಒಪ್ಪಿಕೊಳ್ತೀನಿ. ಬಾನೆಟ್ಟಿಗೆ ಮಾತ್ರ ತಿಂಗಳಿಗೊಮ್ಮೆ ಪಾಲಿಶ್ ಹಾಕ್ತಿದ್ದೆ. ಬಾಗಿಲ ತೂತು ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ಭಾನುವಾರ ನೋಡ್ತೀನಿ.

ಬೆಲ್ಟ್ ಹಾಕ್ಕೊಳ್ಳಿ

ಎಲ್ಲರೂ ಕಣ್ಣೀರು ಹಾಕೋ ಹೊತ್ತಿಗೆ ನಾನೊಬ್ಬ ಅಪಸ್ವರ ತೆಗೀತೀನಿ, ಬೈಕೊಳ್ಳಿ.

ಹಳೇ ಗಾಡಿ ಗಟ್ಟಿ, ಈಗಿನದು ತಗಡು ಅಂತ ಒಂದು ಮಾತಿದೆ. ತಪ್ಪು. 2009ರಲ್ಲಿ ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಸಂಸ್ಥೆ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನು 2009ರ ಮ್ಯಾಲಿಬು ಕಾರಿಗೆ ಮುಖಾಮುಖಿ ಡಿಕ್ಕಿ ಹೊಡೆಸಿತು. ಒಂದೊಂದೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗ. ನೋಡೋಕೆ ಬೆಲ್ ಏರ್ ಆನೆ ಇದ್ದ ಹಾಗಿದೆ. ಗುದ್ದಿದ ಮೇಲೆ ಡ್ರೈವರ್ ಕೂರುವ ಜಾಗವೇ ಮಡಚಿಕೊಂಡು ಹೋಯಿತು, ಸ್ಟೇರಿಂಗ್ ಹಿಂದಕ್ಕೆ ನುಗ್ಗಿತು. ಹೊಸ ಕಾರಿನಲ್ಲಿ ಡ್ರೈವರ್ ಬದಲು ಕೂರಿಸಿದ್ದ ಗೊಂಬೆಗೆ ಕಾಲಿಗೆ ಸ್ವಲ್ಪ ಪೆಟ್ಟು ಅಷ್ಟೇ. ಹೊಸ ಗಾಡಿಯ ಮೂತಿ ಅಪ್ಪಚ್ಚಿ ಆಗೋದು ಬೇಕಂತಲೇ. ಗುದ್ದಿನ ಹೊಡೆತ ಆ ತಗಡು ತಿನ್ನಲಿ, ಒಳಗಿರುವ ಎದೆಮೂಳೆ ತಿನ್ನದಿರಲಿ ಅಂತ.

ನನ್ನ ಹಳೇ ಕಾರು ನಾನು ಮಾರಿದೆ. ಹೆಸರು ಹೇಳಲ್ಲ, ಅದಕ್ಕೂ ಮರ್ಯಾದೆ ಇರಲಿ. ಮಳೆಗಾಲದಲ್ಲಿ ನಾಲ್ಕು ಸಲ ನಡುರಸ್ತೆಯಲ್ಲಿ ಕೂತಿತು. ಐದನೇ ಸಲ ಮಗು ಜೊತೆಗಿತ್ತು. ಸಾಕಾಯಿತು. ಬೇಜಾರೂ ಇಲ್ಲ.

ಸುಳ್ಳು ಯಾಕೆ ಹೇಳಲಿ, ಅದರ ಬೀಗದ ಕೈ ಒಂದು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕೊಡೋದು ಮರೆತೆ ಅಂತ ಮನೆಯಲ್ಲಿ ಹೇಳಿದ್ದೀನಿ.

ಸವೆದ ಗೇರ್ ನಾಬ್

ನೀವು ಹೇಳಿದ್ದು ಸರಿ, ಬೈಯೋಕೆ ಏನೂ ಇಲ್ಲ. ನನ್ನದರಲ್ಲಿ ಇರೋದು ಡ್ರೈವರ್ ಕಡೆ ಒಂದೇ ಏರ್‌ಬ್ಯಾಗ್. ಅದಕ್ಕೇ ದೂರದ ಪ್ರಯಾಣಕ್ಕೆ, ಮಕ್ಕಳನ್ನ ಕರೆದುಕೊಂಡು ಹೋಗೋಕೆ ಇದನ್ನ ತೆಗೆಯಲ್ಲ. ಅದಕ್ಕೆ ಬೇರೆ ಗಾಡಿ ಇದೆ. ಇದು ಬೆಳಗ್ಗೆ ಬೇಗ, ರಸ್ತೆ ಖಾಲಿ ಇರುವಾಗ, ಒಬ್ಬನೇ. ಬೆಲ್ಟ್ ಮಾತ್ರ ಅಪ್ಪನ ಕಾಲದಿಂದಲೂ ತಪ್ಪಿಸಿಲ್ಲ. ಭುಜಕ್ಕೂ ಸೊಂಟಕ್ಕೂ ಸೇರಿ ಹಾಕೋ ಈ ಬೆಲ್ಟು ಬಂದದ್ದು 1959ರಲ್ಲಿ, ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ್ದು. ಆ ಕಂಪನಿ ಪೇಟೆಂಟನ್ನ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ನಿಮ್ಮ ಬೆಲ್ ಏರ್ ಹುಟ್ಟಿದ ವರ್ಷವೇ ನೋಡಿ.

ಬೀಗದ ಕೈ ವಿಷಯ ಮನೆಯವರಿಗೆ ನಾನಂತೂ ಹೇಳಲ್ಲ.

ಹೀಟರ್ ದೀಪ ಆರಲಿ

ನನ್ನದು ಡೀಸೆಲ್ ಕತೆ. ಮಾವನ ಹತ್ತಿರ ಮರ್ಸಿಡಿಸ್ ಡಬ್ಲ್ಯೂ123 ಇತ್ತು, 240ಡಿ. ಹಳೇ ಡೀಸೆಲ್ ಗಾಡಿ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗಲ್ಲ. ಸಿಲಿಂಡರ್ ಒಳಗೆ ಗ್ಲೋ ಪ್ಲಗ್ ಅನ್ನೋ ಸಣ್ಣ ಹೀಟರ್ ಕಾಯಬೇಕು. ಅದು ಕಾಯೋ ತನಕ ನಾವೂ ಕಾಯಬೇಕು. ಹಳದಿ ದೀಪ ಆರಿದ ಮೇಲೇ ಸ್ಟಾರ್ಟರ್. ಮಾವ ಆ ಹೊತ್ತಿನಲ್ಲಿ ಕನ್ನಡಕ ಒರೆಸುತ್ತಿದ್ದರು. ಪ್ರತಿ ಸಲ. ಮೊದಲು ಎಡ ಗಾಜು, ಆಮೇಲೆ ಬಲ. ಬಲಗಾಜು ಮುಗಿಯೋಕೂ ದೀಪ ಆರೋಕೂ ಸರಿಹೋಗುತ್ತಿತ್ತು. ಈಗಿನ ಕಾರಿನಲ್ಲಿ ಬಟನ್ ಒತ್ತಿದರೆ ಮುಗೀತು. ಮಾವನ ಕನ್ನಡಕ ಯಾವಾಗ ನೋಡಿದರೂ ಧೂಳು.

ಗಾಡಿ ಎಷ್ಟು ಬಾಳುತ್ತೆ ಅಂತ ಕೇಳೋರಿಗೆ ಎರಡು ಲೆಕ್ಕ ಹೇಳ್ತೀನಿ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಾಚಿನಿಡಿಸ್ ತಮ್ಮ 1976ರ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ನಿಜ, ನಡುವೆ ಎಂಜಿನ್ ಬದಲಾಯಿಸಿದ್ದರು. ಇನ್ನೊಬ್ಬರು ಅಮೆರಿಕದ ಇರ್ವ್ ಗೋರ್ಡನ್, ಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದವರು. 1966ರ ವೋಲ್ವೋ ಪಿ1800. 2013ರಲ್ಲಿ 30 ಲಕ್ಷ ಮೈಲಿ ದಾಟಿತು, ಅಂದರೆ 48 ಲಕ್ಷ ಕಿಲೋಮೀಟರ್. ಇದರ ಮುಂದೆ ನಮ್ಮ ಕೊರೊಲ್ಲ ಸರ್ ಗಾಡಿ ಇನ್ನೂ ತೊಟ್ಟಿಲ ಕೂಸು.

ಚೋಕ್ ಎಳೆದವನು

ನಾನು ಫೋಕ್ಸ್‌ವ್ಯಾಗನ್ ಬೀಟಲ್ ಕಡೆಯವನು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ರೇಡಿಯೇಟರ್ ಇಲ್ಲವೇ ಇಲ್ಲ. ಗಾಳಿಯಲ್ಲೇ ತಣ್ಣಗಾಗೋ ಎಂಜಿನ್. ಒಂದು ಸಲ ಬಂಕಿನ ಹುಡುಗ ಮುಂದೆ ಬಾನೆಟ್ ಎತ್ತಿ, ಒಳಗೆ ನಮ್ಮ ಬಟ್ಟೆ ಚೀಲ ನೋಡಿ, "ಸಾರ್, ಎಂಜಿನ್ ಎಲ್ಲೋ ಬಿದ್ದೋಗಿದೆ" ಅಂದ. ತಮಾಷೆಗೆ ಅಂದನೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

1938ರಲ್ಲಿ ಶುರುವಾಗಿ 2003ರ ಜುಲೈ ತನಕ, ಕೊನೆಗೆ ಮೆಕ್ಸಿಕೋದ ಪ್ಯೂಬ್ಲಾದಲ್ಲಿ. ಒಟ್ಟು 2,15,29,464 ಬೀಟಲ್. ಅದರಲ್ಲಿ ಒಂದು ನನ್ನ ಕೈಲಿ ಒಂಬತ್ತು ವರ್ಷ ಇತ್ತು.

ಮಿನಿ ಕಾರೂ ಓಡಿಸಿದ್ದೀನಿ, ಗೆಳೆಯನದು. ಹೆಸರಲ್ಲಿರೋ ಚೋಕ್ ಅದರದ್ದೇ. ಚಳಿಯ ಬೆಳಗ್ಗೆ ಡ್ಯಾಶ್‌ಬೋರ್ಡಿನ ಗುಬಟು ಹೊರಗೆ ಎಳೆಯಬೇಕು. ಕಾರ್ಬ್ಯುರೇಟರಿಗೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಎಂಜಿನ್ ಬಿಸಿ ಆದ ಹಾಗೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಬೇಕು. ಬೇಗ ತಳ್ಳಿದರೆ ಕೆಮ್ಮಿ ನಿಲ್ಲುತ್ತೆ, ಮರೆತರೆ ಪ್ಲಗ್ ಒದ್ದೆಯಾಗುತ್ತೆ, ಪೆಟ್ರೋಲ್ ವಾಸನೆ ಗಪ್ಪಂತ ಬರುತ್ತೆ. ಎಷ್ಟು ಎಳೆಯಬೇಕು ಅನ್ನೋದು ಪುಸ್ತಕದಲ್ಲಿ ಇರಲ್ಲ. ಗೆಳೆಯ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟು. ನಾನು ಎಳೆದರೆ ಮೂರು ಸಲ. ಅವನ ಗಾಡಿ, ಅವನ ಮಾತೇ ಕೇಳೋದು.

ಮುಂದಿನ ಸೀಟಿನ ಮೂರನೆಯವನು

ಗ್ರೀಸ್ ಕೈ ಅವರೇ, ಒಂದು ಪ್ರಶ್ನೆ. ಹಳೇ ಕಾರಿಗೆ ಬಣ್ಣ ಹೊಡೆಸೋದಾ, ಹಾಗೇ ಬಿಡೋದಾ? ಈ ಸಲ ಒಂದು ಹಳೇ ಫಿಯೆಟ್ ಸಿಕ್ಕರೆ ತಗೊಳ್ಳೋಣ ಅಂತ ತಲೆಯಲ್ಲಿ ಹುಳ ಬಿಟ್ಟಿದ್ದೀರಿ ಎಲ್ಲರೂ ಸೇರಿ.

ಗ್ರೀಸ್ ಕೈ

ತುಕ್ಕು ಇದ್ದರೆ ಮಾಡಿಸಲೇಬೇಕು. ಇಲ್ಲದಿದ್ದರೆ ಬಿಡಿ. ಕಂಪನಿ ಹೊಡೆದ ಬಣ್ಣ ಒಂದೇ ಸಲ ಇರೋದು, ಆಮೇಲೆ ಎಷ್ಟು ಚೆನ್ನಾಗಿ ಹೊಡೆದರೂ ಅದು ಎರಡನೇದು. ತಗೊಳ್ಳೋ ಮುಂಚೆ ಗಾಡಿಯನ್ನ ಬೆಳಗ್ಗೆ ನೋಡಿ, ಎಂಜಿನ್ ತಣ್ಣಗಿರುವಾಗ. ಮಾರೋರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿನ ಎಂಜಿನ್ ಸುಳ್ಳು ಹೇಳಲ್ಲ. ನೆಲದ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ, ತೇವ ಇದೆಯಾ ಅಂತ. ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕೋದಾದರೆ ಪೆಟ್ರೋಲ್ ಪೈಪುಗಳನ್ನ ಮೊದಲ ದಿನವೇ ಬದಲಾಯಿಸಿ. ಆ ಕಾಲದ ರಬ್ಬರು ಅದಕ್ಕೆ ತಡೆಯಲ್ಲ. ಮೆತ್ತಗಾಗಿ ಸೀಳುತ್ತೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುತ್ತೆ.

ಕೊರೊಲ್ಲ ಸರ್, ಭಾನುವಾರ ಆಯ್ತಾ?

ಸವೆದ ಗೇರ್ ನಾಬ್

ಆಯ್ತು.

ಬ್ರೇಕ್ ಆಯಿಲ್ ಬದಲಾಯಿಸಿದೆ. ಹಳೇದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬಾಗಿಲ ತೂತಿಗೆ ಮೆತ್ತಗೆ ವೈರ್ ಹಾಕಿ ಕೆರೆದೆ. ಮೂರರಲ್ಲಿ ಬರೀ ಮಣ್ಣು. ಹಿಂದಿನ ಎಡಬಾಗಿಲಿನಿಂದ ಅರ್ಧ ಲೋಟ ನೀರು ಸುರಿಯಿತು. ಬಗ್ಗಿ ನೋಡಿದರೆ ಸದ್ಯ ಅಂಚಿನಲ್ಲಿ ಮಾತ್ರ ಸ್ವಲ್ಪ ಕೆಂಪು. ನೀವು ಹೇಳದೇ ಇದ್ದಿದ್ದರೆ ಇನ್ನೂ ಎರಡು ಮಳೆಗಾಲಕ್ಕೆ ಆ ಬಾಗಿಲು ಹೋಗುತ್ತಿತ್ತು.

ಆಮೇಲೆ ಟೈರಿನ ಅಂಕಿ ನೋಡಿದೆ. ನಾಲ್ಕೂ ಸರಿಯಾಗಿವೆ. ಸ್ಟೆಪ್ನಿ ನೋಡೋಣ ಅಂತ ಡಿಕ್ಕಿಯ ಹಾಸು ಎತ್ತಿ ಹೊರಗೆ ತೆಗೆದೆ. ಅದರಲ್ಲಿ ನಾಲ್ಕು ಅಂಕಿ ಇಲ್ಲ. ಮೂರೇ ಇವೆ. 168.

ಗ್ರೀಸ್ ಕೈ

2000ಕ್ಕಿಂತ ಮುಂಚೆ ಮೂರೇ ಅಂಕಿ ಸರ್ ಇದ್ದದ್ದು. 168 ಅಂದರೆ 16ನೇ ವಾರ, ಕೊನೆಯ 8 ವರ್ಷದ್ದು. ನಿಮ್ಮ ಗಾಡಿಗೆ 1998. ಗಾಡಿ ಜೊತೆಗೇ ಬಂದ ಸ್ಟೆಪ್ನಿ ಅದು. ಯಾವತ್ತೂ ಹಾಕೇ ಇಲ್ವಾ?

ಸವೆದ ಗೇರ್ ನಾಬ್

ಹಾಕಿಲ್ಲ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತಲ್ಲ, ಹಾಗೇ ಇವೆ. ಪಂಕ್ಚರ್ ಆದಾಗೆಲ್ಲ ಅಪ್ಪ ಚಕ್ರ ಬಿಚ್ಚಿ, ಯಾರದೋ ಸ್ಕೂಟರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದು ಅದನ್ನೇ ಮತ್ತೆ ಹಾಕೋರು. "ಸ್ಟೆಪ್ನಿ ಇದೆಯಲ್ಲಪ್ಪ" ಅಂದರೆ "ಅದು ಕಷ್ಟಕ್ಕೆ" ಅನ್ನೋರು. ಇದಕ್ಕಿಂತ ಇನ್ನೇನು ಕಷ್ಟ ಬೇಕಿತ್ತೋ ಅವರಿಗೆ.

ಗ್ರೀಸ್ ಕೈ

ರಬ್ಬರು ಕಲ್ಲಾಗಿರುತ್ತೆ. ಕೂದಲು ನೋಡಿ ಮೋಸ ಹೋಗಬೇಡಿ, ಹಾಕಿ ಓಡಿಸಿದರೆ ಒಡೆಯುತ್ತೆ. ನಾಳೆಯೇ ಹೊಸದು ತಗೊಳ್ಳಿ. ಹಳೇದನ್ನ ಯಾರಿಗೂ ಹಾಕೋಕೆ ಕೊಡಬೇಡಿ.

ಸವೆದ ಗೇರ್ ನಾಬ್

ಹೊಸದು ತಂದೆ. ಡಿಕ್ಕಿಯಲ್ಲಿ ಕೂರಿಸಿದೆ. ಹಳೇದನ್ನ ಅಂಗಡಿಯವರು ಇಲ್ಲೇ ಬಿಟ್ಟು ಹೋಗಿ ಅಂದರು. ಹಿಂದಿನ ಸೀಟಿನ ಮೇಲೆ ಪೇಪರ್ ಹಾಸಿ ಮನೆಗೆ ವಾಪಸ್ ತಂದೆ. ಹೆಂಡತಿ ನೋಡಿದಳು, ಏನೂ ಹೇಳಲಿಲ್ಲ.

ಅಮ್ಮನ ಪುಸ್ತಕ

ಬೆಲ್ಟ್ ಹಾಕಿದಿರಾ ಅದಕ್ಕೆ?